ಬಿಟ್ಟವರ ಪಟ್ಟಿ ಬಂತು

ಹೋದ ಭಾನುವಾರ ಬೆಳಿಗ್ಗೆ ಆಟ ಮುಗಿಸಿ ಕೇಶ್ವಾಪುರದ ಚಹಾದಂಗಡಿ ಮುಂದೆ ಕೂತಿದ್ದೆವು. ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂತು. ನೀಲಿ ಬಣ್ಣ, ಬೆನ್ನು ತಿರುಗಿಸಿ ನಡೆಯುತ್ತಿರುವ ಆಟಗಾರ, ಕೆಳಗೆ 'ಥ್ಯಾಂಕ್ ಯೂ'. ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಯ ಬೆನ್ನು ಹತ್ತಿದವರಿಗೆಲ್ಲ ಇದು ಗೊತ್ತಿರುವ ಚಿತ್ರ. ಸೀಸನ್ ಮುಗಿದ ಮೇಲೆ ಇಂಥವು ಒಂದೊಂದಾಗಿ ಬರುತ್ತವೆ. ಯಾರ ಪೋಸ್ಟರ್ ಬಂತೋ ಅವರು ಇನ್ನು ನಮ್ಮವರಲ್ಲ.

ಐದೇ ನಿಮಿಷದಲ್ಲಿ ಉತ್ತರಗಳ ಸಾಲು. 'ಪೀಡಾ ಹೋತು.' 'ಇನ್ನೂ ನಾಕ್ ಮಂದಿನ್ ಕಳಸ್ರಿ.' ಒಬ್ಬರು ಕಸದ ಬುಟ್ಟಿಯ ಚಿತ್ರ ಹಾಕಿದರು, ಅದಕ್ಕೆ ಹತ್ತು ಜನ ನಕ್ಕರು. ನಾನು ಏನೂ ಬರೆಯಲಿಲ್ಲ. ಅವತ್ತು ಬರೆಯಬೇಕಿತ್ತು. ಅದಕ್ಕೇ ಈಗ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಒಂದು ಮಾತು. ಆಟಗಾರರನ್ನು ಬಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬಿಡಲೇಬೇಕು. ಒಪ್ಪಂದಗಳು ಸಾಮಾನ್ಯವಾಗಿ ಮೇ ಕೊನೆಗೆ ಮುಗಿಯುತ್ತವೆ. ಮುಗಿಯುವ ಆರು ತಿಂಗಳ ಮೊದಲೇ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮಾತಾಡಬಹುದು, ನಿಯಮವೇ ಹಾಗಿದೆ. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ ಇದೆ, ಮೈದಾನದಲ್ಲಿ ಒಮ್ಮೆಗೆ ನಾಲ್ಕೇ ಜನ. ಒಬ್ಬ ಹೊಸಬ ಬರಬೇಕಾದರೆ ಒಬ್ಬ ಹಳಬ ಜಾಗ ಬಿಡಬೇಕು. ಕೋಚ್ ಬದಲಾದರೆ ಆಟದ ರೀತಿ ಬದಲಾಗುತ್ತದೆ. ನಿನ್ನೆ ಬೇಕಾಗಿದ್ದವನು ಇವತ್ತು ಬೇಡವಾಗುತ್ತಾನೆ. ಇದೆಲ್ಲ ನನಗೂ ಅರ್ಥ ಆಗುತ್ತದೆ.

ಸಿಟ್ಟೂ ಅರ್ಥ ಆಗುತ್ತದೆ. 2023-24ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ನಮ್ಮ ತಂಡ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಇಳಿಯಿತು. 2013ರಲ್ಲಿ ಹುಟ್ಟಿ, ಮೊದಲ ಸೀಸನ್ನಿನಲ್ಲೇ ಆಗಿನ ದೊಡ್ಡ ಲೀಗ್ ಐ-ಲೀಗ್ ಗೆದ್ದ ತಂಡ ಇದು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಲು ದೋಹಾವರೆಗೆ ಹೋದ ತಂಡ. ಅದು ಹತ್ತನೇ ಸ್ಥಾನದಲ್ಲಿ ಕೂತಾಗ ಹೊಟ್ಟೆ ಉರಿಯದೇ ಇರುತ್ತದೆಯೇ? ಹುಬ್ಬಳ್ಳಿಯಿಂದ ರೈಲು ಹತ್ತಿ, ಕಂಠೀರವದಲ್ಲಿ ಸೋಲು ನೋಡಿ, ಮೆಜೆಸ್ಟಿಕ್‌ವರೆಗೆ ಮಾತಿಲ್ಲದೆ ನಡೆದು, ರಾತ್ರಿ ರಾಣಿ ಚನ್ನಮ್ಮ ಹಿಡಿದು ವಾಪಸ್ ಬಂದವರು ನಾವು. ಬೆಳಿಗ್ಗೆ ಇಳಿದು ನೇರ ಕೆಲಸಕ್ಕೆ ಹೋಗಿದ್ದೇವೆ. ನಮಗೆ ಸಿಟ್ಟು ಮಾಡುವ ಹಕ್ಕಿದೆ. ಆಟ ಸರಿ ಇರಲಿಲ್ಲ ಅನ್ನಿ. ಓಡಲಿಲ್ಲ, ಪಾಸ್ ತಪ್ಪಿತು, ಅವನಿಗೆ ಕೊಟ್ಟ ದುಡ್ಡು ದಂಡ ಅಂತಲೂ ಅನ್ನಿ. ಮನುಷ್ಯನನ್ನು ಕಸದ ಬುಟ್ಟಿಗೆ ಹಾಕುವುದು ಮಾತ್ರ ನನ್ನಿಂದ ಸಹಿಸಲು ಆಗುವುದಿಲ್ಲ.

ನಮ್ಮ ಡಿಫೆಂಡರ್ ರಾಹುಲ್ ಭೇಕೆ ನೆನಪಿದೆಯಲ್ವಾ? 2019ರ ಮಾರ್ಚ್ 17, ಮುಂಬೈ, ಐಎಸ್‌ಎಲ್ ಫೈನಲ್, ಎದುರಿಗೆ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಹಾಕಿದರು, ಭೇಕೆ ತಲೆ ಕೊಟ್ಟರು, ಚೆಂಡು ಒಳಗೆ. ನಮ್ಮ ಮನೆಯಲ್ಲಿ ಆ ರಾತ್ರಿ ಕೂಗಿದ ಕೂಗಿಗೆ ಪಕ್ಕದ ಮನೆಯ ಅಜ್ಜಿ ಏನಾಯಿತೋ ಅಂತ ಬಾಗಿಲು ಬಡಿದಿದ್ದರು. ಬೆಂಗಳೂರಿಗೆ ಸಿಕ್ಕ ಮೊದಲ ಐಎಸ್‌ಎಲ್ ಕಪ್ ಅದು. ಅದೇ ಭೇಕೆ 2021ರಲ್ಲಿ ಮುಂಬೈ ಸಿಟಿಗೆ ಹೋದರು. ಆಗಲೂ ನಮ್ಮ ಗುಂಪಿನಲ್ಲಿ 'ವಯಸ್ಸಾತು, ಹೋಗ್ಲಿ ಬಿಡ್ರಿ' ಅಂದವರಿದ್ದರು. ಅವರು ಅಲ್ಲಿ ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡ್ ಗೆದ್ದರು, ಕಪ್ಪೂ ಗೆದ್ದರು. 2024ರಲ್ಲಿ ವಾಪಸ್ ನಮ್ಮಲ್ಲಿಗೇ ಬಂದರು. ಅದೇ ನೀಲಿ ಅಂಗಿ. 'ಹೋಗ್ಲಿ ಬಿಡ್ರಿ' ಅಂದವರೇ ಸ್ವಾಗತದ ಹೂವಿನ ಚಿತ್ರ ಹಾಕಿದರು.

ಹುವಾನನ್ ಇಲ್ಲಿಂದ ಹೋಗಿ ಹೈದರಾಬಾದ್ ಜೊತೆ ಕಪ್ ಗೆದ್ದರು. ಮಿಕು, ಆ 2019ರ ಕಪ್ ಗೆದ್ದು ಕೊಟ್ಟ ಬೇಸಿಗೆಯಲ್ಲೇ ಹೊರಟರು. ಉದಾಂತ ಸಿಂಗ್ 2014ರಲ್ಲಿ ಹುಡುಗನಾಗಿ ಬಂದವರು, 2023ರಲ್ಲಿ ಗೋವಾಕ್ಕೆ ಹೋಗುವಾಗ ಒಂಬತ್ತು ವರ್ಷ ಆಗಿತ್ತು. ಒಂಬತ್ತು ವರ್ಷ ಅಂದರೆ ನನ್ನ ಮಗಳು ಹುಟ್ಟಿ ನಾಲ್ಕನೇ ಕ್ಲಾಸಿಗೆ ಹೋಗುವಷ್ಟು ಕಾಲ. ಬಲಗಡೆ ಗೆರೆಯ ಗುಂಟ ಅವರು ಓಡುವುದನ್ನು ನೋಡಿಯೇ ನಮ್ಮ ಮೈದಾನದ ಹುಡುಗರು ವಿಂಗ್‌ನಲ್ಲಿ ಆಡಲು ಜಗಳ ಮಾಡುತ್ತಿದ್ದರು. ಕೊನೆಯ ವರ್ಷಗಳಲ್ಲಿ ಮೊದಲಿನ ವೇಗ ಕಾಣಲಿಲ್ಲ, ನಿಜ. ಆದರೂ ಗೋವಾ ಅಂಗಿಯಲ್ಲಿ ಅವರು ಆಡಲು ಬಂದಾಗ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಇವತ್ತಿಗೂ ತಟ್ಟುತ್ತೇನೆ.

ಈಗ ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ. ಅವನ ಅಪ್ಪ ಅಮರಗೋಳ ಎಪಿಎಂಸಿಯಲ್ಲಿ ಗೂಡ್ಸ್ ಟೆಂಪೊ ಓಡಿಸುತ್ತಾರೆ. ಹದಿಮೂರನೇ ವಯಸ್ಸಿಗೆ ಬೇರೆ ರಾಜ್ಯದ ಒಂದು ಅಕಾಡೆಮಿಗೆ ಆಯ್ಕೆಯಾದ. ಇಡೀ ಓಣಿ ಸ್ಟೇಷನ್ನಿಗೆ ಹೋಗಿತ್ತು. ಮೂರು ವರ್ಷ ಅಲ್ಲೇ ಇದ್ದ. ರಜೆಗೆ ಬಂದಾಗ ಎಡಗಾಲಿನ ಅವನ ಆಟ ನೋಡಲು ದೊಡ್ಡವರೂ ಆಟ ನಿಲ್ಲಿಸಿ ನಿಲ್ಲುತ್ತಿದ್ದರು.

ಹೋದ ವರ್ಷ ಬೇಸಿಗೆಯ ಒಂದು ಸಂಜೆ ಅವರಪ್ಪ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೊಬೈಲು. 'ಸರ, ಇಂಗ್ಲಿಷ್‌ನ್ಯಾಗ ಏನೋ ಬಂದೈತಿ, ಸ್ವಲ್ಪ ಓದಿ ಹೇಳ್ರಿ' ಅಂದರು. ಮೂರೇ ಸಾಲು. ಮುಂದಿನ ವರ್ಷದ ತಂಡದಲ್ಲಿ ನಿಮ್ಮ ಮಗನಿಗೆ ಜಾಗ ಇಲ್ಲ, ಇಂತಹ ತಾರೀಕಿನೊಳಗೆ ಹಾಸ್ಟೆಲ್ ಖಾಲಿ ಮಾಡಬೇಕು, ಮುಂದಿನ ದಿನಗಳಿಗೆ ಶುಭ ಹಾರೈಕೆ. ನಾನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇನ್ನೊಮ್ಮೆ ಓದ್ರಿ ಸರ' ಅಂದರು. ಓದಿದೆ. 'ಅಂದ್ರ, ಫೇಲ್ ಆದ್ನೇನ್ರಿ?'

ಏನು ಹೇಳಬೇಕು ಇದಕ್ಕೆ? ಮೂರು ವರ್ಷ ಆ ಹುಡುಗನನ್ನು ದಿನಾ ನೋಡಿದ ಕೋಚ್ ಒಂದು ಫೋನ್ ಮಾಡಬಹುದಿತ್ತು. ಎಲ್ಲಿ ಕಡಿಮೆ ಬಿದ್ದ, ಮುಂದೆ ಎಲ್ಲಿ ಪ್ರಯತ್ನ ಮಾಡಬಹುದು, ಶಾಲೆ ಹೇಗೆ ಮುಂದುವರಿಸಬೇಕು. ಹತ್ತು ನಿಮಿಷದ ಮಾತು.

ಅವನನ್ನು ಕರೆತರಲು ಅಪ್ಪನ ಜೊತೆ ನಾನೂ ಸ್ಟೇಷನ್ನಿಗೆ ಹೋದೆ. ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, 1507 ಮೀಟರ್, ಹೊರಗಿನಿಂದ ಬಂದವರಿಗೆ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅವತ್ತು ಅದು ಮುಗಿಯಲೇ ಇಲ್ಲ. ಹುಡುಗ ಮುಂದೆ, ಟ್ರಂಕು ಹೊತ್ತ ಅಪ್ಪ ಹಿಂದೆ, ಯಾರೂ ಮಾತಾಡಲಿಲ್ಲ. ಅವನು ಅಕಾಡೆಮಿಯ ಟ್ರ್ಯಾಕ್‌ಸೂಟನ್ನೇ ಹಾಕಿದ್ದ. ಎದೆಯ ಮೇಲಿದ್ದ ಲಾಂಛನವನ್ನು ಬ್ಲೇಡಿನಿಂದ ಬಿಡಿಸಿ ತೆಗೆದಿದ್ದ. ಬಿಸಿಲಿಗೆ ಉಳಿದ ಬಟ್ಟೆಯ ಬಣ್ಣ ಹೋಗಿತ್ತು, ಅಲ್ಲಿ ಮಾತ್ರ ಒಂದು ದುಂಡನೆಯ ಗಾಢ ಕಲೆ. ಅಂಚಿನಲ್ಲಿ ದಾರದ ತುದಿಗಳು ಇನ್ನೂ ನಿಂತಿದ್ದವು.

ಎರಡು ತಿಂಗಳು ಮೈದಾನಕ್ಕೆ ಬರಲಿಲ್ಲ. ಮನೆಗೆ ಹೋಗಿ ಕರೆದರೂ ಬರಲಿಲ್ಲ. ಒಂದು ದಿನ ಸುನಿಲ್ ಛೆಟ್ರಿಯ ಬಗ್ಗೆ ಮಾತು ತೆಗೆದೆ. ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ಕ್ಲಬ್ಬಿಗೆ ಹೋಗಿದ್ದರು, ವರ್ಷ ತುಂಬುವ ಮೊದಲೇ ವಾಪಸ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ, ಅಲ್ಲೂ ಆಡಿದ್ದು ಬೆರಳೆಣಿಕೆಯ ಪಂದ್ಯ. ಆಮೇಲೆ 2013ರಲ್ಲಿ ಆಗಷ್ಟೇ ಹುಟ್ಟಿದ ನಮ್ಮ ತಂಡಕ್ಕೆ ಬಂದರು. 2024-25ರ ಐಎಸ್‌ಎಲ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, 14 ಗೋಲು. ಹುಡುಗ ಕೇಳಿಸಿಕೊಂಡ. ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಬೂಟು ಹಿಡಿದುಕೊಂಡು ಬಂದ. ಮಳೆ ಬಿದ್ದಿತ್ತು. ಎರೆ ಮಣ್ಣು ಸ್ಟಡ್ಡಿಗೆ ಹತ್ತಿ ಒಂದೊಂದು ಬೂಟು ಒಂದೊಂದು ಸೇರು ಭಾರ ಆಗಿತ್ತು. ಆದರೂ ಕೊನೆಯವರೆಗೆ ಆಡಿದ.

ಹೋದ ಭಾನುವಾರ ಆ ಪೋಸ್ಟರ್ ಬಂದಾಗ ಅವನು ನನ್ನ ಎದುರಿಗೇ ಕೂತಿದ್ದ. ಅವನೂ ಆ ಗುಂಪಿನಲ್ಲಿದ್ದಾನೆ. ಎಲ್ಲರೂ ನಗುತ್ತಿದ್ದರು. ಅವನ ಹೆಬ್ಬೆರಳು ಆ ಕಸದ ಬುಟ್ಟಿಯ ಚಿತ್ರದ ಮೇಲೆ ನಿಂತಿತು. ಸ್ವಲ್ಪ ಹೊತ್ತು ನೋಡಿದ. ಮೊಬೈಲು ಬ್ಯಾಗಿಗೆ ಹಾಕಿದ. ಅರ್ಧ ಕಪ್ ಚಹಾ ಹಾಗೇ ಬಿಟ್ಟು ಸೈಕಲ್ ಹತ್ತಿದ.

ದೊಡ್ಡ ಆಟಗಾರರಿಗೆ ಕೋಟಿ ಸಿಗುತ್ತದೆ, ಅವರಿಗೇನು ನೋವು ಅಂತ ಕೇಳುತ್ತೀರಿ. ಎಲ್ಲರಿಗೂ ಕೋಟಿ ಸಿಗುವುದಿಲ್ಲ ಕಣ್ರೀ. ಬೆಂಚಿನ ಮೇಲೆ ಕೂತು ವರ್ಷ ಕಳೆದ ಇಪ್ಪತ್ತರ ಹುಡುಗರೂ ಆ ಪಟ್ಟಿಯಲ್ಲಿ ಇರುತ್ತಾರೆ. ಮತ್ತೆ 2025ರಲ್ಲಿ ಏನಾಯಿತು ಮರೆತಿರಾ? ದೇಶದ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದದ ಗೊಂದಲದಲ್ಲಿ ಐಎಸ್‌ಎಲ್ ತಿಂಗಳುಗಟ್ಟಲೆ ನಿಂತೇ ಹೋಯಿತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ಬೇ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆಗ ನಾವೆಲ್ಲ 'ಆಟಗಾರರ ಮನೆ ಹೇಗೆ ನಡೀಬೇಕು' ಅಂತ ಪೋಸ್ಟ್ ಹಾಕಿದವರೇ. ಆ ಮನೆಗಳು ಈಗಲೂ ಅಲ್ಲೇ ಇವೆ ಅಲ್ವಾ?

ಕ್ಲಬ್ಬುಗಳಿಗೂ ಒಂದು ಕೇಳಿಕೆ ಇದೆ. ಬರೀ ಪೋಸ್ಟರ್ ಸಾಲದು. ಕೊನೆಯ ತವರಿನ ಪಂದ್ಯದ ಹೊತ್ತಿಗೆ ಮಾತುಕತೆ ಮುಗಿದಿರುವುದಿಲ್ಲ, ಯಾರು ಹೋಗುತ್ತಾರೆ ಅಂತ ಆಗಲೇ ಹೇಳಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ನಾಲ್ಕೈದು ವರ್ಷ ಆಡಿದವರನ್ನು ಮುಂದಿನ ಸೀಸನ್ನಿನಲ್ಲಿ ಒಂದು ದಿನ ಮೈದಾನಕ್ಕೆ ಕರೆಯಬಹುದು. ಎದುರಾಳಿ ತಂಡದ ಜೊತೆ ಬಂದರೆ ಇನ್ನೂ ಸುಲಭ, ಆಟಕ್ಕೆ ಮೊದಲು ಎರಡು ನಿಮಿಷ ಸಾಕು. ಕಂಠೀರವದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನಿಂತು ಕೂಗುವವರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ. ಸಣ್ಣ ಹುಡುಗರನ್ನು ಬಿಡುವ ಅಕಾಡೆಮಿಗಳಿಗೆ ಮಾತ್ರ ನನ್ನಲ್ಲಿ ರಿಯಾಯಿತಿ ಇಲ್ಲ. ಅಪ್ಪ-ಅಮ್ಮನನ್ನು ಕರೆಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ, ಎದುರಿಗೆ ಕೂರಿಸಿಕೊಂಡು ಹೇಳಿ.

ನಮ್ಮ ಗುಂಪಿನವರಿಗೆ ಒಂದು ಮಾತು. ಆ ಚಿತ್ರ ಹಾಕಿದವರು ನನ್ನ ಹಳೆಯ ಗೆಳೆಯರೇ. ನಿನ್ನೆ ಅವರ ಮನೆಗೆ ಹೋಗಿ ಹುಡುಗನ ವಿಷಯ ಹೇಳಿದೆ. 'ಅವ ಅಲ್ಲೇ ಇದ್ದಾನಂತ ನೆನಪ ಇರಲಿಲ್ಲೋ' ಅಂದರು. ಚಿತ್ರ ಅಳಿಸಿದರು. ಮುಂದಿನ ಸೀಸನ್ನಿಗೆ ಹೊರಡುವಾಗ ಒಂದು ಬ್ಯಾನರ್ ಹೊಲಿಸೋಣ, ಬಿಟ್ಟುಹೋದ ಎಲ್ಲರ ಹೆಸರೂ ಅದರ ಮೇಲೆ ಇರಲಿ ಅಂದಾಗ ಬಟ್ಟೆಯ ಖರ್ಚು ತಮ್ಮದು ಅಂದರು. ಅಕ್ಷರ ಬರೆಯಲು ಹುಡುಗನನ್ನು ಕೇಳಿದ್ದೇನೆ, ಅವನ ಕೈಬರಹ ಚಂದ ಇದೆ. ಇನ್ನೂ ಹೂಂ ಅಂದಿಲ್ಲ. ಈ ಭಾನುವಾರ ಮತ್ತೆ ಕೇಳುತ್ತೇನೆ.