ಕ್ರೋಮ್ ಅಳಿಸಿ ಮತ್ತೆ ಹಾಕಿದರೆ ಸಾಲದು

"ಕ್ರೋಮ್ ತೆಗೆದು ಹೊಸದಾಗಿ ಹಾಕಿ, ಹೈಜಾಕರ್ ಹೋಗುತ್ತದೆ" ಎಂದು ಬರೆದಿದ್ದೀರಿ (ಹೈಜಾಕರ್ ಎಂದರೆ ಬ್ರೌಸರಿನ ಮುಖಪುಟ, ಹುಡುಕಾಟಗಳನ್ನು ನಮ್ಮನ್ನು ಕೇಳದೆ ಬದಲಿಸುವ ತಂತ್ರಾಂಶ). ಎಲ್ಲಿ ಹೋಗುತ್ತದೆ? ಅಳಿಸುವಾಗ ಬ್ರೌಸಿಂಗ್ ಡೇಟಾದ ಚೌಕಕ್ಕೆ ಟಿಕ್ ಹಾಕದಿದ್ದರೆ ಹಳೆಯ ಪ್ರೊಫೈಲ್ (ನಿಮ್ಮ ಸೆಟ್ಟಿಂಗ್, ಎಕ್ಸ್‌ಟೆನ್ಶನ್‌ಗಳ ಕಡತ) ಅಲ್ಲೇ ಉಳಿಯುತ್ತದೆ. ಟಿಕ್ ಹಾಕಿದರೂ, ಲಾಗಿನ್ ಆಗಿ ಸಿಂಕ್ (ಗೂಗಲ್ ಖಾತೆಯಲ್ಲಿ ಉಳಿದಿದ್ದನ್ನು ಮರಳಿ ತರುವ ವ್ಯವಸ್ಥೆ) ಚಾಲೂ ಮಾಡಿದರೆ ಹೈಜಾಕರ್ ಹಾಕಿದ ಅದೇ ಎಕ್ಸ್‌ಟೆನ್ಶನ್ ವಾಪಸ್. ಮೊದಲು ಸಿಂಕ್ ನಿಲ್ಲಿಸಬೇಕು.

ಮೆನುವಿನ ಕೊನೆಗೆ "ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಎಂದಿದೆಯೇ ನೋಡಿ. ಮನೆಯ ಕಂಪ್ಯೂಟರಿಗೆ ಎಲ್ಲಿಯ ಸಂಸ್ಥೆ! ಹೈಜಾಕರ್ ತನ್ನ ನಿಯಮಗಳನ್ನು ಕ್ರೋಮ್ ಮೇಲೆ ಹೇರಿರಬಹುದು. (ಕೆಲವು ಆಂಟಿವೈರಸ್‌ಗಳೂ ಹೀಗೆ ಮಾಡುತ್ತವೆ, ಅದು ಬೇರೆ.) ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಒಳಹೊಕ್ಕು, ಆ ಕೀಯನ್ನು (ಫೋಲ್ಡರಿನಂತೆ ಕಾಣುವ ನಮೂದು) ಎಕ್ಸ್‌ಪೋರ್ಟ್ ಮಾಡಿ ಪ್ರತಿ ಉಳಿಸಿಟ್ಟು ಅಳಿಸಿ. ಟಾಸ್ಕ್ ಶೆಡ್ಯೂಲರ್‌ನಲ್ಲಿ (ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸ್ ಸಾಧನ) ಅರ್ಥವಿಲ್ಲದ ಹೆಸರಿನ ಟಾಸ್ಕ್ ಇದ್ದರೆ ಅದು ಯಾವ ಫೈಲನ್ನು ಓಡಿಸುತ್ತದೆಂದು ನೋಡಿ, ಎರಡನ್ನೂ ತೆಗೆಯಿರಿ. ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ ಬಾಲಕ್ಕೆ ಜಾಲತಾಣದ ವಿಳಾಸ ಅಂಟಿಕೊಂಡಿರುವುದೂ ಉಂಟು, ಅದನ್ನೂ ಅಳಿಸಿ.

ನಮ್ಮ ಕಾಸರಗೋಡಿನ ಮನೆಗಳಲ್ಲಿ ಕನ್ನಡಕ್ಕೊಂದು, ಮಲಯಾಳಕ್ಕೊಂದು ಟೈಪಿಂಗ್ ತಂತ್ರಾಂಶ ಬೇಕು. ಸಿಕ್ಕಸಿಕ್ಕಲ್ಲಿಂದ ಇಳಿಸಿ ಕಣ್ಣುಮುಚ್ಚಿ 'ನೆಕ್ಸ್ಟ್' ಒತ್ತುವಾಗಲೇ ಹೈಜಾಕರ್‌ಗಳು ಒಳನುಗ್ಗುವುದು. 'ಕಸ್ಟಮ್' ಆರಿಸಿ ಹೆಚ್ಚುವರಿ ಟಿಕ್‌ಗಳನ್ನು ತೆಗೆಯಿರಿ. ಇನ್ನು ವಿಂಡೋಸ್ 7 ಯಂತ್ರಕ್ಕೆ ಕ್ರೋಮ್ 109ರ ನಂತರದ ಆವೃತ್ತಿಯೇ ಇಲ್ಲ, ಮತ್ತೆ ಹಾಕಿದರೆ ಸಿಗುವುದು ಅದೇ ಹಳತು.