ಉಪ್ಪಾಗೆಗೆ ಕೊಬ್ಬು ಕರಗುವುದಾದರೆ

ಆಟೋದ ಹಿಂದೆ, ಕರೆಂಟು ಕಂಬದ ಮೇಲೆ, ಫೋನ್ ತೆರೆದರೆ ಅಲ್ಲೂ ಅದೇ: ‘30 ದಿನದಲ್ಲಿ 10 ಕೆಜಿ ಇಳಿಸಿ. ಪಥ್ಯ ಬೇಡ, ವ್ಯಾಯಾಮ ಬೇಡ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ.’

ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಹತ್ತು ಕೆಜಿಗೆ 77,000. ದಿನಕ್ಕೆ 2,500ರ ಮೇಲಾಯಿತು. ಸಾಧಾರಣ ಮೈಕಟ್ಟಿನವರು ಅನ್ನ ಬಿಟ್ಟು ಚಾಪೆ ಹಿಡಿದರೂ ಅಷ್ಟು ಖರ್ಚಾಗದು. ಅದನ್ನೆಲ್ಲ ಉರಿಸಿಬಿಡುವ ಗುಳಿಗೆಯನ್ನು ರಾಯಚೂರಿನ ಸ್ಥಾವರಕ್ಕೆ ಕಳಿಸಿದ್ದರೆ ಕಲ್ಲಿದ್ದಲಿನ ಗೋಳಾದರೂ ತಪ್ಪುತ್ತಿತ್ತು.

ಡಬ್ಬಿಯ ಮೇಲೆ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂದಿರುತ್ತದೆ. ಬೆದರಬೇಡಿ, ಅದು ನಮ್ಮ ಉಪ್ಪಾಗೆ. ಶಿರಸಿ-ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಹಣ್ಣು ಬೀಳುತ್ತದೆ. ಬಿಸಿಲಿಲ್ಲ, ಸೌದೆ ಉರಿಸಿ ಸಿಪ್ಪೆ ಒಣಗಿಸಬೇಕು. ಸಿಂಗಳೀಕದ ಪಾಲಿನದ್ದನ್ನೂ ಬಿಡದೆ, ಕಾಯಿರುವಾಗಲೇ ಕೊಂಬೆ ಸಮೇತ ಕಡಿದವರುಂಟು. ಸಿಪ್ಪೆ ಗುಳಿಗೆಯಾಗಲು ಹೊರಟಿತು. ಉಳಿದ ಬೀಜದಿಂದ ಮಲೆನಾಡಿನವರು ಏನು ತೆಗೆಯುತ್ತಾರೆ? ತುಪ್ಪ! ಕೊಡಗಿನವರು ಇದೇ ಹಣ್ಣಿನ ರಸ ಕುದಿಸಿ ಕಾಚಂಪುಳಿ ಮಾಡಿ ಹಂದಿಮಾಂಸದ ಪಂದಿಕರಿಗೆ ಸುರಿಯುತ್ತಾರೆ. ಇದಕ್ಕೆ ಕೊಬ್ಬು ಕರಗುವುದಾದರೆ ಮೊದಲು ಕರಗಬೇಕಾದ್ದು ಆ ಪಾತ್ರೆಯೊಳಗಿನದು.

ವಿಜ್ಞಾನವೂ ಇದೆ ಎನ್ನುತ್ತಾರೆ, ಒಪ್ಪೋಣ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಹಿಟ್ಟು-ಸಕ್ಕರೆಯನ್ನು ಕೊಬ್ಬಾಗಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಇಲಿಗಳಲ್ಲಿ ಇದು ಕೆಲಸ ಮಾಡಿತು. ಮನುಷ್ಯನ ಹೊಟ್ಟೆಗೆ ಬಂದು ಕೂರುವ ಕೊಬ್ಬಿನಲ್ಲಿ ಬಹುಪಾಲು ತಿಂದ ಎಣ್ಣೆ-ಬೆಣ್ಣೆಯದೇ, ಆ ಕಿಣ್ವದ ದಾರಿಯಲ್ಲಿ ಬರುವುದು ಸ್ವಲ್ಪ. ಹಿತ್ತಿಲ ಬಾಗಿಲಿಗೆ ಬೀಗ, ಮುಂಬಾಗಿಲು ತೆರೆದೇ ಇದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದರು, ದಿನಕ್ಕೆ 1,500 ಮಿಲಿಗ್ರಾಂ ಆಮ್ಲ. ಎಲ್ಲರಿಗೂ ಪಥ್ಯ ಒಂದೇ. ಉಪ್ಪಾಗೆಯವರು 3.2 ಕೆಜಿ ಇಳಿದರು, ಏನೂ ಇಲ್ಲದ ಹುಸಿ ಗುಳಿಗೆ ನುಂಗಿದವರು 4.1. ವ್ಯತ್ಯಾಸ ಆಕಸ್ಮಿಕ ಎಂದರು ಸಂಶೋಧಕರು. ವ್ಯಾಪಾರ ಗೊತ್ತಿದ್ದವರು ಹುಸಿ ಗುಳಿಗೆಯನ್ನೇ ಮಾರಬೇಕಿತ್ತು.

ಕೆಲವರಿಗೆ ನಿಜಕ್ಕೂ ಇಳಿಯುತ್ತದಲ್ಲ? ಭಯಪಡಬೇಕಾದ್ದು ಅಲ್ಲೇ. ಹಸಿವು ಸತ್ತು, ಬಾಯಿ ಒಣಗಿ, ನಿದ್ದೆ ಹಾರಿ, ಎದೆ ಡವಡವ ಎಂದರೆ ಅದು ಗಿಡಮೂಲಿಕೆಯ ಮಹಿಮೆಯಲ್ಲ. ಒಳಗೆ ಸಿಬುಟ್ರಮಿನ್ ಬೆರೆಸಿರಬಹುದು. ಹಸಿವು ಅಡಗಿಸುವ, ಜೊತೆಗೆ ಬಿಪಿ, ನಾಡಿಬಡಿತ ಏರಿಸುವ ಮದ್ದು. ಹೃದ್ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದು ಕಂಡು 2010ರಲ್ಲಿ ಯುರೋಪ್, ಅಮೆರಿಕ, 2011ರಲ್ಲಿ ಭಾರತ ಬಾಗಿಲು ಹಾಕಿದವು. ‘ಶುದ್ಧ ಆಯುರ್ವೇದ’ ಎಂಬ ಡಬ್ಬಿಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿದೆ. ಅಂದರೆ ಕೆಲಸ ಮಾಡದಿದ್ದರೆ ಉಪ್ಪಾಗೆ, ಮಾಡಿದರೆ ವಿಷ.

ಕಾನೂನು? 1954ರದ್ದೇ ಇದೆ. ಬೊಜ್ಜು ಇಳಿಸುತ್ತೇವೆಂದು ಮದ್ದಿನ ಜಾಹೀರಾತು ಕೊಟ್ಟರೆ ಮೊದಲ ತಪ್ಪಿಗೇ ಆರು ತಿಂಗಳವರೆಗೆ ಜೈಲು. ಅದಕ್ಕೇ ಇದು ಮದ್ದಲ್ಲ, ಆಹಾರ! ಭೂತಗನ್ನಡಿ ಹಿಡಿದರೆ ಡಬ್ಬಿಯ ಹಿಂದೆ ‘ಔಷಧವಾಗಿ ಬಳಸಲು ಅಲ್ಲ’ ಎಂದೂ ಕಾಣುತ್ತದೆ.

ನಗು ಸಾಕು. ಈ ಆಹಾರ ತಿಂದು ಯಕೃತ್ತು ಕೆಟ್ಟವರಿದ್ದಾರೆ, ಯಕೃತ್ತಿನ ಕಸಿಯವರೆಗೆ ಹೋದವರೂ ಇದ್ದಾರೆ. ಶುರು ಮಾಡಿದ ಕೆಲವೇ ವಾರಗಳಲ್ಲಿ ಸುಸ್ತು, ಮೈತುರಿಕೆ, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿ. ಅದೇ ದಿನ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಬೇಕು, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ಯಾರೂ ಒಯ್ಯುವುದಿಲ್ಲ. ‘ಏನಾದರೂ ಮಾತ್ರೆ ತಗೊಳ್ತಿದ್ದೀರಾ?’ ಎಂದು ಡಾಕ್ಟರು ಕೇಳಿದರೆ ‘ಏನೂ ಇಲ್ಲ ಸಾರ್’ ಎನ್ನುತ್ತಾರೆ. ಅದು ಮಾತ್ರೆಯಲ್ಲವಲ್ಲ, ಹಣ್ಣು.