ಕೆನ್ನೆ ನೋಡಬೇಡಿ, ಕಣ್ಣು ನೋಡಿ

ಹೋದ ವಾರ ಗೆಳೆಯರಿಗೆ ಒಂದು ವಿಡಿಯೊ ತೋರಿಸಿದೆ. ಸಹರಾ ಮರುಭೂಮಿಯ ನಿರಾಶ್ರಿತರ ಕ್ಯಾಂಪು, ಮಕ್ಕಳು ಆಡ್ತಾ ಇದ್ದಾರೆ. ಒಬ್ಬರು "ಗುಂಡುಗುಂಡಾಗೇ ಇದ್ದಾವಲ್ಲ, ಇದೆಂಥ ಹಸಿವು?" ಅಂದರು. ಇನ್ನೊಬ್ಬರು "ಮೊದಲು ನಮ್ಮ ಮಕ್ಕಳನ್ನ ನೋಡ್ಕೊಳ್ಳೋಣ" ಅಂದರು. ಎರಡೂ ಮಾತು ತಲೆಯಿಂದ ಹೋಗ್ತಿಲ್ಲ.

ನಮ್ಮಮ್ಮ ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್ ಆಗಿದ್ದವರು. ಹೊಸ ಮಗು ಬಂದರೆ ಕೆನ್ನೆ ನೋಡ್ತಿರಲಿಲ್ಲ. ಹೆಬ್ಬೆರಳಲ್ಲಿ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಅವತ್ತು ಸಂಜೆ ಆ ಮನೆ ಬಾಗಿಲಿಗೆ ಹೋಗೋರು. "ಎಳೇ ಮಗೀಗೆ ಕಾಫಿ ಕುಡಿಸ್ಬೇಡ ಕಣವ್ವ, ನುಗ್ಗೆಸೊಪ್ಪು ಹಾಕಿ ಬಸ್ಸಾರು ಮಾಡು." ನಮ್ಮ ಕಡೆ ಮಗು ಅತ್ತರೆ ಕಾಫಿಗೆ ಬಿಸ್ಕತ್ತು ಅದ್ದಿ ಕೊಡೋದು ರೂಢಿ ಅಲ್ವಾ. ಹೊಟ್ಟೆ ತುಂಬುತ್ತೆ, ರಕ್ತ ಆಗಲ್ಲ.

ಆ ಕ್ಯಾಂಪುಗಳ ಕಷ್ಟವೂ ಹೆಚ್ಚುಕಮ್ಮಿ ಇದೇ. ಅವರು ಪಶ್ಚಿಮ ಸಹರಾದ ಸಹ್ರಾವಿ ಜನ. 1975ರಲ್ಲಿ ಸ್ಪೇನ್ ಜಾಗ ಬಿಡುವ ಹೊತ್ತಿಗೆ ಮೊರೊಕ್ಕೊ, ಮೌರಿಟಾನಿಯ ಒಳಗೆ ಬಂದವು, ಯುದ್ಧ ಆಯಿತು, ಜನ ಓಡಿಬಂದು ಅಲ್ಜೀರಿಯಾದ ಟಿಂಡೂಫ್ ಹತ್ತಿರ ಟೆಂಟು ಹಾಕಿಕೊಂಡರು. ಈಗ ಅಲ್ಲಿ ಐದು ಕ್ಯಾಂಪು. ಲಾಯೂನ್, ಸ್ಮಾರಾ, ದಾಖ್ಲಾ ಅಂತ ಬಿಟ್ಟು ಬಂದ ಊರುಗಳ ಹೆಸರನ್ನೇ ಇಟ್ಟುಕೊಂಡಿದ್ದಾರೆ. 2018ರಲ್ಲಿ ವಿಶ್ವಸಂಸ್ಥೆ ಲೆಕ್ಕ ಹಾಕಿದಾಗ 1,73,600 ಜನ. ಬೇಸಿಗೆಯಲ್ಲಿ 50 ಡಿಗ್ರಿ ಹತ್ತಿರ ಬಿಸಿಲು, ಎಷ್ಟೋ ಮನೆಗಳಿಗೆ ನೀರು ಬರೋದು ಟ್ಯಾಂಕರಲ್ಲಿ. ರೇಷನ್ನಲ್ಲಿ ಹೆಚ್ಚಾಗಿ ಸಿಗೋದು ಹಿಟ್ಟು, ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ಹಾಲು, ಸೊಪ್ಪು, ಮೊಟ್ಟೆ ಅಪರೂಪ. ಮೇಲೆ ದಿನಕ್ಕೆ ಹಲವು ಸಲ ಗಟ್ಟಿ ಚಹಾ. ಊಟದ ಜೊತೆ ಚಹಾ ಕುಡಿದರೆ ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ. ಹಾಗಾಗಿ ತಾಯಂದಿರಲ್ಲೂ ಮಕ್ಕಳಲ್ಲೂ ರಕ್ತಹೀನತೆ ಜಾಸ್ತಿ. ಕೆನ್ನೆ ನೋಡಿದರೆ ಇದು ಕಾಣಲ್ಲ.

"50 ವರ್ಷ ಆದ್ರೂ ಯಾಕೆ ಸ್ವಂತ ದುಡೀಬಾರದು?" ಅಂತಲೂ ಕೇಳಿದರು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಟಿಬೆಟಿನವರು ಸ್ವೆಟರ್ ಮಾರೋಕೆ ಬರ್ತಾರಲ್ಲ, ಅವರಿಗೆ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ನಮ್ಮ ರಾಜ್ಯ ಜಮೀನು ಕೊಟ್ಟಿತು. ಮುಸುಕಿನ ಜೋಳ ಬೆಳೆದರು, ಹಸು ಕಟ್ಟಿದರು. ಮಣ್ಣು ಸಿಕ್ಕಿತು, ಎದ್ದು ನಿಂತರು. ಟಿಂಡೂಫಲ್ಲಿ ಇರೋದು ಕಲ್ಲು ನೆಲ. ಹಿತ್ತಲಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟು ಬೆಳೆಸೋಕೂ ಟ್ಯಾಂಕರ್ ನೀರೇ ಬೇಕು. ಅವರನ್ನ ಸೋಮಾರಿಗಳು ಅನ್ನಬೇಡಿ, ದಯವಿಟ್ಟು.

ಇನ್ನು "ನಮ್ಮ ಮಕ್ಕಳು" ಅನ್ನೋ ಮಾತು. ನಿಜ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ. ಆದರೆ ಅಲ್ಲಿಯ ಮಗುವಿನ ಹಾಲು ನಿಂತರೆ ಅದು ನಮ್ಮ ಮಗುವಿನ ಲೋಟಕ್ಕೆ ಬರುತ್ತಾ? ಇಲ್ಲಿ ಅಂಗನವಾಡಿ ಶುರುವಾಗಿದ್ದೂ 1975ರಲ್ಲೇ, ಅಕ್ಟೋಬರ್ 2ಕ್ಕೆ. ನಮಗೆ ಕೊನೇಪಕ್ಷ ಕೇಳೋಕೆ ಒಂದು ಸರ್ಕಾರ ಇದೆ. ಮೊಟ್ಟೆ ಬರಲಿಲ್ಲ ಅಂದರೆ ಪಂಚಾಯ್ತಿ ಮುಂದೆ ಕೂತು ಜಗಳ ಆಡಬಹುದು. ಅವರ ರೇಷನ್ ಯಾವುದೋ ದೂರದ ದೇಶದ ಬಜೆಟ್ಟಲ್ಲಿ ನಿರ್ಧಾರ ಆಗುತ್ತೆ. ಹೊಸ ಯುದ್ಧ ಶುರುವಾದರೆ ಎಲ್ಲರ ಕಣ್ಣು ಆ ಕಡೆ ಹೋಗುತ್ತೆ, ಹಳೇ ಕ್ಯಾಂಪು ಮರೆತೇ ಹೋಗುತ್ತೆ. ನನಗೆ ಸಂಕಟ ಆಗೋದು ಅದಕ್ಕೇ. ಸಾಯೋ ಹಾಗಿರೋ ಮಗುಗೆ ದುಡ್ಡು ಹೇಗೋ ಬರುತ್ತೆ, ಬಿಳಿಚಿಕೊಂಡು ಬೆಳೀತಿರೋ ಮಗುಗೆ ಬರಲ್ಲ.

ಅಮ್ಮನಿಗೂ ಆ ವಿಡಿಯೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಅಲ್ಲಿ ನರ್ಸಮ್ಮನಿಗೆ, ಟೀಚರಿಗೆ ಸಂಬಳ ಯಾರು ಕೊಡ್ತಾರೆ?"

ಸಂಬಳ ಅಂತ ಇಲ್ಲಮ್ಮ, ನೆರವಿನ ದುಡ್ಡಲ್ಲಿ ಏನೋ ಒಂದಿಷ್ಟು ಗೌರವಧನ ಕೊಡ್ತಾರಂತೆ ಅಂದೆ.

"ಗೌರವಧನಾನಾ," ಅಂದು ಫೋನ್ ನನ್ನ ಕೈಗೆ ಕೊಟ್ಟರು.